ಮಳೆಗಾಲದ ಹಿಜಾಬಿಗೆ ಸಬ್ಸಿಡಿ ಸಾಲ: ನಾನು ಪಟ್ಟ ಪಾಡು

ಹಿಜಾಬ್ ಹೊಲಿಯುವ ಸಣ್ಣ ಘಟಕ ಹಾಕಬೇಕು, ಸಬ್ಸಿಡಿ ಸಾಲ ನಿಜವಾಗಿ ಸಿಗುತ್ತಾ, ಎಷ್ಟು ಓಡಾಡಿಸುತ್ತಾರೆ, ಮಧ್ಯದವರಿಗೆ ಎಷ್ಟು ಕೊಡಬೇಕು ಎಂದು ಭದ್ರಾವತಿ, ಸಾಗರ, ಕೊಪ್ಪದಿಂದೆಲ್ಲ ಹೆಣ್ಣುಮಕ್ಕಳು ಫೋನ್ ಮಾಡುತ್ತಲೇ ಇದ್ದಾರೆ. ಹೇಳಿದ್ದನ್ನೇ ಹೇಳಿ ಗಂಟಲು ಒಣಗಿದೆ. ಸಾಲ ಮಂಜೂರಾಗಿ, ಮೆಷಿನ್ನು ಇಳಿದು, ಮೊದಲ ಕಂತೂ ಕಟ್ಟಿಯಾಯಿತು. ಸಿಟ್ಟು, ಸುಸ್ತು ಎರಡೂ ಇನ್ನೂ ಆರಿಲ್ಲ. ಈಗಲೇ ಬರೆದುಬಿಡಬೇಕು. ಇನ್ನೊಂದು ವರ್ಷ ಬಿಟ್ಟರೆ ಎಲ್ಲ ಸಲೀಸಾಗಿ ಆಯಿತು ಎಂದು ನಾನೇ ಹೇಳಿಕೊಂಡು ತಿರುಗಿದರೂ ತಿರುಗಬಹುದು.

ನಮ್ಮದು ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ, ಗಾಜನೂರು ಕಡೆಯ ಹಳ್ಳಿ. ಮನೆಯವರು ಲಗೇಜ್ ಆಟೋ ಓಡಿಸುತ್ತಾರೆ. ನಾನು ಮೊದಲಿಂದಲೂ ಮದುವೆಮನೆಗಳಲ್ಲಿ ಮದುಮಗಳಿಗೆ ಹಿಜಾಬ್ ಕಟ್ಟುವವಳು. ಶಿವಮೊಗ್ಗದಲ್ಲಿ ಬ್ಯೂಟಿಷಿಯನ್‌ಗಳಿಗೆ ಬರವಿಲ್ಲ. ಆದರೆ ಜಡೆ ಹಾಕಿ ಮೊಗ್ಗು ಮುಡಿಸುವ ಕೈ ಬೇರೆ, ಒಂದು ಕೂದಲೂ ಕಾಣದ ಹಾಗೆ ಬಟ್ಟೆ ಕೂರಿಸಿ ಅದರ ಮೇಲೆ ತಲೆಯ ಒಂದು ಬದಿಗೆ ಇಳಿಬೀಳುವ ಝೂಮರ್ ಒಡವೆ ನಿಲ್ಲಿಸುವ ಕೈ ಬೇರೆ. ನಮ್ಮ ಅಮ್ಮಿಯ ಕಾಲದಲ್ಲಿ ಕೆಂಪು ದುಪಟ್ಟಾ ತಲೆಮೇಲೆ ಎಳೆದು ನಾಲ್ಕು ಪಿನ್ ಚುಚ್ಚಿದರೆ ಮುಗಿಯಿತು. ಈಗಿನ ಹುಡುಗಿಯರು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡೇ ಬರುತ್ತಾರೆ. ಒಬ್ಬಳಿಗೆ ಟರ್ಕಿಯವರ ಹಾಗೆ ಚೌಕದ ರೇಷ್ಮೆ ಸ್ಕಾರ್ಫು ಹಣೆಯ ಮೇಲೆ ಗೋಪುರದಂತೆ ನಿಲ್ಲಬೇಕು. ಇನ್ನೊಬ್ಬಳಿಗೆ ಮಲೇಷ್ಯಾದವರ ಹಾಗೆ ಎದೆ ತುಂಬ ಇಳಿಬಿದ್ದ ಶಾಲು. ಮತ್ತೊಬ್ಬಳಿಗೆ ಕಿವಿಯ ಜುಮಕಿ ಹೊರಗೆ ಕಾಣಬೇಕು, ಕಿವಿ ಕಾಣಬಾರದು!

ಈ ಕೆಲಸ ಕಲಿಯುವವರಿಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮದುಮಗಳ ಹಿಜಾಬ್ ಜಾರುವುದು ಕಟ್ಟುವ ಶೈಲಿಯಿಂದ ಅಲ್ಲ, ಒಡವೆಯ ಭಾರದಿಂದ. ಬೈತಲೆಯ ಟೀಕಾ, ಝೂಮರ್ ಎರಡನ್ನೂ ಮೇಲಿನ ಶಿಫಾನಿಗೆ ಚುಚ್ಚಿದರೆ ಊಟದ ಹೊತ್ತಿಗೆ ಇಡೀ ಬಟ್ಟೆ ಹಿಂದಕ್ಕೆ ಸರಿದು ಹಣೆ ಅಗಲವಾಗಿರುತ್ತದೆ. ಒಳಗೆ ಕಾಟನ್ ಜರ್ಸಿಯ ಇನ್ನರ್ ಕ್ಯಾಪ್ ಹಾಕಿ, ಅದರ ಮೇಲೆ ಎರಡು ಬೆರಳಗಲದ ವೆಲ್ವೆಟ್ ಪಟ್ಟಿ ಕಟ್ಟಿ, ಒಡವೆಯ ಕೊಕ್ಕೆಯನ್ನು ಮೇಲಿನ ಬಟ್ಟೆಯ ಮಡಿಕೆಯೊಳಗಿಂದ ತೂರಿಸಿ ಇನ್ನರ್ ಕ್ಯಾಪಿಗೇ ದಾರದಲ್ಲಿ ಹೊಲಿದುಬಿಡಬೇಕು. ಜುಮಕಿಗೆ ತಲೆಯ ಮೇಲಿಂದ ಹಾದುಹೋಗುವ ತೆಳು ಸರಪಳಿ. ಗಲ್ಲದ ಕೆಳಗಿನ ಕೊನೆಯ ಪಿನ್ ಹಾಕುವ ಮುಂಚೆ ಹುಡುಗಿಗೆ ಬಾಯಿ ಅಗಲಿಸಿ ‘ಆ’ ಅನ್ನಲು ಹೇಳುತ್ತೇನೆ. ಹಾಗೆ ಮಾಡದಿದ್ದರೆ ನಿಕಾಹ್ ಮುಗಿದ ಮೇಲೆ ಬಿರಿಯಾನಿ ತಿನ್ನಲು ಬಾಯಿ ತೆರೆದಾಗ ಎಲ್ಲ ಕಿತ್ತುಕೊಂಡು ಬರುತ್ತದೆ.

ಘಟಕದ ಯೋಚನೆ ಹುಟ್ಟಿದ್ದು ಮದುವೆಯಿಂದಲ್ಲ, ಮಳೆಯಿಂದ. ಶಿವಾಜಿನಗರದಿಂದಲೋ ಸೂರತ್‌ನಿಂದಲೋ ಬರುವ ಹಿಜಾಬ್‌ಗಳು ನಮ್ಮ ಆಷಾಢಕ್ಕೆ ಮಾಡಿದವಲ್ಲ. ನಮ್ಮ ರಸ್ತೆಯಲ್ಲೇ ಮುಂದೆ ಹೋದರೆ ಆಗುಂಬೆ. ಅಷ್ಟು ಮಳೆ ನಮ್ಮಲ್ಲಿಲ್ಲ ಸರಿ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಜರ್ಸಿ ಬಟ್ಟೆ ಒಗೆದು ಹಾಕಿದರೆ ಬೆಳಗ್ಗೆಗೆ ಒಣಗುವುದಿಲ್ಲ, ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಹೊಗೆವಾಸನೆ, ಮಡಿಸಿಟ್ಟರೆ ಮುಗ್ಗಲು ವಾಸನೆ. ಸ್ಯಾಟಿನ್ ಮೇಲೆ ಒಂದು ಹನಿ ಬಿದ್ದರೂ ಕಲೆ. ಶಿಫಾನ್ ಬೇಗ ಒಣಗುತ್ತದೆ ನಿಜ, ಆದರೆ ರೇನ್‌ಕೋಟಿನ ಟೋಪಿ ಒಮ್ಮೆ ಹಾಕಿ ತೆಗೆದರೆ ಇಡೀ ಹಿಜಾಬ್ ಅದರ ಜೊತೆಗೇ ಬರುತ್ತದೆ. ಪಿನ್ ತುಕ್ಕು ಹಿಡಿದು ಗಲ್ಲದ ಹತ್ತಿರ ಕಂದು ಚುಕ್ಕೆ. ಸ್ಕೂಟಿಯಲ್ಲಿ ಹೋಗುವವರಿಗೆ ಹೆಲ್ಮೆಟ್ ಬೇರೆ. ತಲೆಯ ಹಿಂದೆ ಎತ್ತರಕ್ಕೆ ಕಾಣಲೆಂದು ಕಟ್ಟುವ ಡೋನಟ್ ತುರುಬು ಹೆಲ್ಮೆಟ್ಟಿನೊಳಗೆ ಕೂರುವುದೇ ಇಲ್ಲ. ಹುಡುಗಿಯರು ಹೆಲ್ಮೆಟ್ಟನ್ನು ಹಿಂದಕ್ಕೆ ವಾಲಿಸಿ ಹಾಕುತ್ತಾರೆ, ಅದು ಹಾಕಿದರೂ ಒಂದೇ ಬಿಟ್ಟರೂ ಒಂದೇ. ತುರುಬು ಕುತ್ತಿಗೆಯ ಬುಡಕ್ಕೆ ಇಳಿಯಬೇಕು, ಒಳಗಿನ ಕ್ಯಾಪು ಹೊಲಿಗೆ ಒತ್ತದ ಹಾಗೆ ಚಪ್ಪಟೆಯಾಗಿರಬೇಕು.

ಹಾಗಾಗಿ ಮನೆಯ ಪೆಡಲ್ ಮೆಷಿನ್ನಿನಲ್ಲೇ ನಾಲ್ಕಾರು ನಮೂನೆ ಹೊಲಿದು ನೋಡಿದೆ. ಇಸ್ತ್ರಿ ಬೇಡದ, ಬೇಗ ಒಣಗುವ ಕ್ರಿಂಕಲ್ ಜಾರ್ಜೆಟ್ಟಿನದು ಮಳೆಗಾಲಕ್ಕೆ. ನರ್ಸಿಂಗ್ ಓದುವ ಹುಡುಗಿಯರಿಗೆ ಸ್ಟೆತಸ್ಕೋಪ್ ಹೋಗುವಷ್ಟು ಕಿವಿಯ ಹತ್ತಿರ ಮುಚ್ಚಳದ ತೂತು ಇರುವುದು. ಆಟಕ್ಕೆ ಪಿನ್ನೇ ಇಲ್ಲದ, ತಲೆಗೆ ಎಳೆದುಕೊಳ್ಳುವಂಥದ್ದು. ಇದರಲ್ಲಿ ಯಾವುದೂ ನಾನು ಕಂಡುಹಿಡಿದದ್ದಲ್ಲ. ಆಟಕ್ಕೆಂದೇ ಹಿಜಾಬ್ ಹೊಲಿಯುವುದು 1999ರ ಹೊತ್ತಿಗೇ ನೆದರ್ಲೆಂಡ್ಸ್‌ನಲ್ಲಿ ಶುರುವಾಗಿತ್ತು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ಹಿಜಾಬ್ ಹಾಕಿಕೊಂಡೇ ಕತ್ತಿವರಸೆಯಲ್ಲಿ ಕಂಚು ಗೆದ್ದರು. ಮರುವರ್ಷ ನೈಕಿ ಕಂಪನಿಯೂ ಮಾರುಕಟ್ಟೆಗೆ ಇಳಿಯಿತು. ಅವರ ಹಿಜಾಬು ಬೆವರಿಗೆ. ನಮ್ಮ ಊರಿಗೆ ಬೇಕಾದದ್ದು ನೀರಿಗೆ ಹೊಂದುವುದು.

ಇನ್ನೊಂದು ಹುಚ್ಚು ಅಡಿಕೆ ಚೊಗರಿನದು. ಎಳೆ ಅಡಿಕೆ ಬೇಯಿಸಿದ ನೀರು ಹೆಗ್ಗೋಡಿನ ಕಡೆ ಕೈಮಗ್ಗದ ಬಟ್ಟೆಗೆ ಬಣ್ಣವಾಗುವುದು ಎಲ್ಲರಿಗೂ ಗೊತ್ತು. ಆ ಬಟ್ಟೆ ಹಿಜಾಬಿಗೆ ದಪ್ಪವಾಯಿತು. ಅಕ್ಟೋಬರಿನಲ್ಲಿ ಕೊನೆಕೊಯ್ಲು ಶುರುವಾದಾಗ ಪಕ್ಕದ ಮನೆಯ ಶಾರದಕ್ಕನ ಹಂಡೆಯಿಂದ ಚೊಗರು ತಂದು ತೆಳ್ಳನೆ ಮಲ್ ಬಟ್ಟೆಗೆ ಹಾಕಿ ನೋಡಿದೆ. ಇಟ್ಟಿಗೆ ಕೆಂಪೂ ಅಲ್ಲದ, ಕಾಫಿಯೂ ಅಲ್ಲದ ಒಂದು ಬಣ್ಣ ಬಂತು. ನೋಡಿದವರೆಲ್ಲ ಇದು ನನಗಿರಲಿ ಅಂದರು. ಒಂದು ಎಚ್ಚರ: ಚೊಗರಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ತುಕ್ಕಿನ ಪಿನ್ ತಾಗಿದ ಜಾಗ ಶಾಯಿ ಚೆಲ್ಲಿದ ಹಾಗೆ ಕಪ್ಪಾಗುತ್ತದೆ, ಏನು ಮಾಡಿದರೂ ಹೋಗದು. ಆ ಹಿಜಾಬಿನ ಜೊತೆ ಮ್ಯಾಗ್ನೆಟ್ ಅಥವಾ ಸ್ಟೀಲ್ ಪಿನ್ ಕೊಟ್ಟೇ ಮಾರಬೇಕು.

ಬೇಡಿಕೆ ಇತ್ತು, ಕೈ ಇತ್ತು, ದುಡ್ಡು ಇರಲಿಲ್ಲ. ಅಲ್ಲಿಂದ ಕಾಗದದ ಕಥೆ.

ನಾನು ತೆಗೆದದ್ದು ಪಿಎಂಇಜಿಪಿ ಸಾಲ, ಅಂದರೆ ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮದ್ದು. ತಯಾರಿಕಾ ಘಟಕಕ್ಕೆ ಯೋಜನಾ ವೆಚ್ಚ 50 ಲಕ್ಷದವರೆಗೆ ಇರಬಹುದು, ಸೇವಾ ಘಟಕಕ್ಕೆ 20 ಲಕ್ಷ. ಹೆಂಗಸರಿಗೆ, ಅಲ್ಪಸಂಖ್ಯಾತರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ ಸ್ವಂತ ದುಡ್ಡು ಶೇ. 5 ಸಾಕು. ವಿಶೇಷ ವರ್ಗ ಎನ್ನುವ ಇವರಿಗೆ ಸಬ್ಸಿಡಿ ಪಟ್ಟಣದಲ್ಲಾದರೆ ಶೇ. 25, ಹಳ್ಳಿಯಲ್ಲಾದರೆ ಶೇ. 35. ಶಿವಮೊಗ್ಗದ ಟಿಪ್ಪು ನಗರದಲ್ಲಿ ನಮ್ಮ ಖಾಲಾ, ಅಂದರೆ ಅಮ್ಮಿಯ ಸೋದರಿಯ ಮನೆಯ ಮುಂದಿನ ಕೋಣೆ ಖಾಲಿ ಇತ್ತು, ಗಿರಾಕಿಗೂ ಹತ್ತಿರ. ಆದರೂ ನಾನು ಹಳ್ಳಿಯ ಮನೆಯ ಪಕ್ಕದ ಶೆಡ್ಡನ್ನೇ ಘಟಕ ಅಂತ ತೋರಿಸಿದ್ದು ಈ ಹತ್ತು ಪರ್ಸೆಂಟಿಗಾಗಿ. ಅದಕ್ಕೆ ಗ್ರಾಮ ಪಂಚಾಯಿತಿಯಿಂದ ಗ್ರಾಮೀಣ ಪ್ರದೇಶ ಎಂಬ ಪತ್ರ ಬೇಕು. ಪಿಡಿಒ ಸಹಿ ಹಾಕುವವರು. ಅವರು ಮೀಟಿಂಗು, ಸರ್ವೆ, ಜಮಾಬಂದಿ ಅಂತ ಸದಾ ಹೊರಗೆ. ಹೋಗುವ ಮುಂಚೆ ಕಚೇರಿಗೆ ಫೋನ್ ಮಾಡಿ, ಇದ್ದಾರೆ ಅಂದಮೇಲೆ ಬಸ್ಸು ಹತ್ತಿ.

ಜಾತಿ ಪತ್ರಕ್ಕೆ ನಾಡಕಚೇರಿಯಲ್ಲಿ ಕ್ಯೂ ನಿಲ್ಲಬೇಕು ಎಂದು ನನಗೆ ಯಾರೋ ಹೆದರಿಸಿದ್ದರು. ವಿಶೇಷ ವರ್ಗಕ್ಕೆ ಸೇರಲು ಹೆಂಗಸು ಅನ್ನುವುದೊಂದೇ ಸಾಕು, ಅದು ಆಧಾರಿನಲ್ಲೇ ಇದೆ. 2ಬಿ ಜಾತಿ ಪತ್ರ ನಿಮ್ಮಲ್ಲಿ ಮೊದಲೇ ಇದ್ದರೆ ಇಡಿ, ಇಲ್ಲದಿದ್ದರೆ ಅದಕ್ಕಾಗಿ ಕೂತು ಕಾಯಬೇಡಿ.

ಇದು ಹೊಸ ಘಟಕಕ್ಕೆ ಮಾತ್ರ ಕೊಡುವ ಸಾಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಮೊದಲೇ ‘ಉದ್ಯಮ್’ ಎಂಬ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಮಾಡಿಸಿ, ಉತ್ಪಾದನೆ ಶುರುವಾಗಿದೆ ಎಂದು ತಾರೀಖು ಹಾಕಿಬಿಟ್ಟರೆ ಬಾಗಿಲು ಮುಚ್ಚಿದ ಹಾಗೆ. ನಾನು ಮಾಡುತ್ತಿದ್ದುದು ಮದುವೆಮನೆಗೆ ಹೋಗಿ ಕಟ್ಟಿಕೊಡುವ ಕೆಲಸ, ತಯಾರಿಕೆ ಇರಲಿಲ್ಲ. ಅದನ್ನು ಹಾಗೆಯೇ ಹೇಳಿದೆ. ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಕೊಡುತ್ತಾರೆ ಎನ್ನುವುದೂ ನೆನಪಿರಲಿ. ಉದ್ಯಮ್ ನೋಂದಣಿ ಆಮೇಲೆ ಮಾಡಿಸಿಕೊಂಡೆ, ಆಧಾರ್ ಒಟಿಪಿ ಹಾಕಿದರೆ ಮುಗಿಯಿತು. ಅದು ಪೂರ್ತಿ ಉಚಿತ. ಅದಕ್ಕೂ ಸಾವಿರ, ಎರಡು ಸಾವಿರ ಕೇಳುವ ಅಂಗಡಿಗಳಿವೆ.

ನನ್ನನ್ನು ನಿಜಕ್ಕೂ ಹಣ್ಣು ಮಾಡಿದ್ದು ಹೆಸರು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ನಾನು ‘ಬಾನು’, ಆಧಾರಿನಲ್ಲಿ ‘ಬೇಗಂ’, ಪ್ಯಾನ್‌ನಲ್ಲಿ ಬರೇ ಹೆಸರು, ಇನಿಶಿಯಲ್ಲು ಬೇರೆ. ನಮ್ಮ ಹೆಣ್ಣುಮಕ್ಕಳಲ್ಲಿ ಇದು ಮನೆಮನೆ ಕಥೆ: ಶಾಲೆಗೆ ಸೇರಿಸಿದವರು ಒಂದು ಬರೆಸಿರುತ್ತಾರೆ, ಮದುವೆಯಾದ ಮನೆಯವರು ಇನ್ನೊಂದು. ಆನ್‌ಲೈನ್ ಅರ್ಜಿಯಲ್ಲಿ ಆಧಾರಿನ ಹೆಸರು ಒಂದಕ್ಷರ ತಪ್ಪಿದರೂ ಮುಂದಕ್ಕೆ ಹೋಗುವುದಿಲ್ಲ. ಆಧಾರ್ ತಿದ್ದಬೇಕೋ ಪ್ಯಾನ್ ತಿದ್ದಬೇಕೋ ಎಂದು ಮೊದಲು ಯೋಚಿಸಿ, ಏಕೆಂದರೆ ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ನಾನು ಆಧಾರಿನ ಹೆಸರನ್ನು ಮುಟ್ಟದೆ ಪ್ಯಾನನ್ನು ಅದಕ್ಕೆ ಸರಿ ಮಾಡಿಸಿದೆ, ಎಸ್‌ಎಸ್‌ಎಲ್‌ಸಿ ಹೆಸರಿಗೆ ಇಬ್ಬರೂ ಒಬ್ಬಳೇ ಎಂದು ನೋಟರಿ ಮುಂದೆ ಅಫಿಡವಿಟ್. ಆ ಅಫಿಡವಿಟ್ಟಿನ ಮೂರು ಮೂಲ ಪ್ರತಿ ಮಾಡಿಸಿಟ್ಟುಕೊಳ್ಳಿ. ಬ್ಯಾಂಕಿನವರು ಜೆರಾಕ್ಸ್ ಒಪ್ಪುವುದಿಲ್ಲ, ಕೊಟ್ಟದ್ದನ್ನು ವಾಪಸೂ ಕೊಡುವುದಿಲ್ಲ.

ಆದರೂ ಆಧಾರ್ ಕೇಂದ್ರಕ್ಕೆ ಹೋಗಲೇಬೇಕಾಯಿತು, ಫೋಟೋ ಹಳೆಯದು, ಹೈಸ್ಕೂಲ್ ಹುಡುಗಿ ಥರ ಇದ್ದೆ. ಕ್ಯಾಮೆರಾ ಮುಂದೆ ಕೂತ ಕೂಡಲೇ ಅಲ್ಲಿನ ಹುಡುಗ, “ಮೇಡಂ, ಅದನ್ನ ತೆಗೀಬೇಕಾಗತ್ತೆ” ಅಂದ. ಧಾರ್ಮಿಕ ರೂಢಿಯ ಪೇಟ, ತಲೆವಸ್ತ್ರಕ್ಕೆ ಆಧಾರಿನ ನಿಯಮದಲ್ಲೇ ಅವಕಾಶ ಇದೆ ಎಂದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಸರ್ದಾರ್ಜಿಗಳಿಗೆ ಪೇಟ ಬಿಚ್ಚು ಅಂತೀಯೇನಪ್ಪ?” ಎಂದು ನಕ್ಕರು. ಹುಡುಗ ಪರದೆ ಮೇಲೆ ಏನೋ ನೋಡಿ, ಸರಿ ಮೇಡಂ, ಮುಖ ಪೂರ್ತಿ ಕಾಣಲಿ ಅಂದ. ಕಟ್ಟುವ ಕೈಗಳಿಗೆ ಇದೊಂದು ಬೇರೆಯೇ ವಿದ್ಯೆ. ಗುರುತಿನ ಫೋಟೋಗೆ ಶೈಲಿ ಬೇಡ. ಹಣೆಯಿಂದ ಗಲ್ಲದ ತನಕ, ಎರಡೂ ಕೆನ್ನೆಯ ಅಂಚು ಕಾಣಬೇಕು. ಪಾಸ್‌ಪೋರ್ಟಿನವರೂ ಇದನ್ನೇ ಕೇಳುತ್ತಾರೆ. ಹಣೆಯ ಮೇಲೆ ಬಟ್ಟೆ ಮುಂದೆ ಚಾಚಿದರೆ ಕಣ್ಣಿಗೆ ನೆರಳು ಬೀಳುತ್ತದೆ, ಫೋಟೋ ತಿರಸ್ಕಾರ. ಬಿಳಿ ಗೋಡೆಯ ಮುಂದೆ ಬಿಳಿ ಹಿಜಾಬ್ ಹಾಕಿದರೆ ತಲೆಯೇ ಕಾಣದು. ಮಿನುಗುವ ಸ್ಯಾಟಿನ್ನೂ ಬೇಡ, ಫ್ಲ್ಯಾಶ್ ಹೊಡೆಯುತ್ತದೆ. ಕಡು ಬಣ್ಣದ, ಹೊಳಪಿಲ್ಲದ ಕಾಟನ್, ಕಿವಿಯ ಹಿಂದಿನಿಂದ ಸುತ್ತಿ ಗಲ್ಲದ ಕೆಳಗೆ ಒಂದೇ ಪಿನ್. ಈಗ ನಮ್ಮ ಊರಿನ ಹುಡುಗಿಯರು ಪಾಸ್‌ಪೋರ್ಟ್ ಫೋಟೋಗೆ ಹೋಗುವ ಮುಂಚೆ ನನ್ನ ಹತ್ತಿರ ಬಂದು ಕಟ್ಟಿಸಿಕೊಂಡು ಹೋಗುತ್ತಾರೆ, ದುಡ್ಡು ಕೇಳಿದರೆ ಮಾತ್ರ ಇಲ್ಲ.

ಯೋಜನಾ ವರದಿಯನ್ನು ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಮೂರು ಸಾವಿರ ಕೊಟ್ಟು ಮಾಡಿಸಿದೆ. ಆದರೆ ಅಂಕಿಗಳು ನನ್ನವೇ. ಒಟ್ಟು ವೆಚ್ಚ 4,80,000. ಮೂರು ಪವರ್ ಮೆಷಿನ್, ಒಂದು ಓವರ್‌ಲಾಕ್, ಒಂದು ಪಿಕೋ, ಸ್ಟೀಮ್ ಇಸ್ತ್ರಿ ಸೇರಿ 1,75,000. ಕಟಿಂಗ್ ಟೇಬಲ್, ರ‍್ಯಾಕು, ವೈರಿಂಗು 58,000. ಇನ್ವರ್ಟರ್ 45,000. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ 22,000. ಬಟ್ಟೆ, ದಾರ, ಸಂಬಳಕ್ಕೆ ದುಡಿಯುವ ಬಂಡವಾಳ 1,80,000. ಇದರಲ್ಲಿ ನನ್ನ ಕೈಯಿಂದ 24,000, ಸಬ್ಸಿಡಿ 1,68,000, ಉಳಿದದ್ದು ಸಾಲ. ಮೆಷಿನ್ನುಗಳಿಗೆ ಜಿಎಸ್‌ಟಿ ನಂಬರ್ ಇರುವ ಡೀಲರ್‌ನಿಂದಲೇ ಕೊಟೇಷನ್ ಬೇಕು. ಪರಿಚಯದ ಮೆಕ್ಯಾನಿಕ್ ಸೆಕೆಂಡ್‌ಹ್ಯಾಂಡ್ ಜೂಕಿ ಮೆಷಿನ್ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೂ ಈ ಸಾಲದಲ್ಲಿ ಅದು ನಡೆಯದು.

ಅರ್ಜಿ ಹಾಕುವಾಗ ಉದ್ಯಮದ ಸಂಕೇತ ಕೇಳುತ್ತದೆ. 14101, ಜವಳಿ ಉಡುಪು ಮತ್ತು ಉಡುಪಿನ ಪರಿಕರಗಳ ತಯಾರಿಕೆ, ಹಿಜಾಬಿಗೆ ಹೊಂದುತ್ತದೆ. ಖಾದಿ ಆಯೋಗ, ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಅರ್ಜಿ ನೋಡಿ ಬ್ಯಾಂಕಿಗೆ ಕಳಿಸಲು ಇವುಗಳಲ್ಲಿ ಒಂದನ್ನು ಆರಿಸಬೇಕು. ನಾನು ಓಡಾಟಕ್ಕೆ ಹತ್ತಿರ ಎಂದು ಜಿಲ್ಲಾ ಕೇಂದ್ರವನ್ನು ಆರಿಸಿದೆ. ಅವರಿಂದ ತಡವಾಗಲಿಲ್ಲ. ಅರ್ಜಿ ಬ್ಯಾಂಕಿಗೆ ಹೋದ ಮೇಲೆ ಕಾಲವೇ ನಿಂತಿತು.

ಬ್ಯಾಂಕಿನ ಹೆಸರು ಹೇಳುವುದಿಲ್ಲ. ಮೊದಲು ಫೀಲ್ಡ್ ಆಫೀಸರ್ ರಜೆ, ಆಮೇಲೆ ವರ್ಷಾಂತ್ಯದ ಲೆಕ್ಕ, ಆಮೇಲೆ ಮ್ಯಾನೇಜರ್ ವರ್ಗಾವಣೆ. ಹೊಸಬರು ಬಂದು ಫೈಲು ಮೊದಲಿನಿಂದ ಓದಿದರು. ಪ್ರತಿ ಸಲ ಹೋದಾಗಲೂ ಬಸ್ಸಿನ ದುಡ್ಡಲ್ಲ, ಆ ದಿನದ ಮದುವೆ ಕೆಲಸ ಹೋಗುತ್ತಿತ್ತು. ಅದು ಯಾವ ಯೋಜನಾ ವರದಿಯಲ್ಲೂ ಬರುವುದಿಲ್ಲ. ಪೋರ್ಟಲ್‌ನಲ್ಲಿ ಅರ್ಜಿ ಎಲ್ಲಿದೆ ಎಂದು ನೋಡಬಹುದು. ಅದರ ಪ್ರಿಂಟ್ ಹಿಡಿದು ಹೋದರೆ “ನಮಗೆ ಬಂದೇ ಇಲ್ಲ” ಎನ್ನುವ ಮಾತು ಕೇಳುವುದು ತಪ್ಪುತ್ತದೆ.

ಆಮೇಲೆ ಸಿಬಿಲ್, ಅಂದರೆ ಯಾರ ಹೆಸರಿನಲ್ಲಿ ಯಾವ ಸಾಲ, ಎಷ್ಟು ಬಾಕಿ ಎಂಬ ದಾಖಲೆ. ನಾನು ಜೀವನದಲ್ಲಿ ಬ್ಯಾಂಕ್ ಸಾಲವನ್ನೇ ಮಾಡಿದವಳಲ್ಲ. ಆದರೂ ಪರದೆಯ ಮೇಲೆ ನನ್ನ ಹೆಸರಿನಲ್ಲಿ ಒಂದು ಬಾಕಿ! ನೋಡಿದರೆ ಹಿಂದೆ ಹತ್ತು ಹೆಂಗಸರು ಸೇರಿ ತೆಗೆದ ಸಂಘದ ಸಾಲ. ನಾನು ನನ್ನ ಪಾಲು ಕಟ್ಟಿ ಮುಗಿಸಿದ್ದೆ, ಸಾಲ ಕೊಟ್ಟ ಕಂಪನಿಯವರು ಅದನ್ನು ಮುಗಿದಿದೆ ಎಂದು ತೋರಿಸಿರಲಿಲ್ಲ. ಕಂತು ಕಟ್ಟಿದ ಪುಸ್ತಕ ಅಮ್ಮಿಯ ಟ್ರಂಕಿನಲ್ಲಿ ಸಿಕ್ಕಿದ್ದು ಪುಣ್ಯ. ಅದನ್ನು ತೋರಿಸಿ ಬಾಕಿ ಇಲ್ಲ ಎಂಬ ಎನ್‌ಒಸಿ ಪತ್ರ ಬರೆಸಿಕೊಂಡು, ಸಿಬಿಲ್‌ನವರಿಗೆ ಆನ್‌ಲೈನ್‌ನಲ್ಲಿ ದೂರು ಹಾಕಿ, ಅದು ಸರಿಯಾಗುವ ತನಕ ಮತ್ತೆ ಕಾಯಬೇಕಾಯಿತು. ಸಂಘದಲ್ಲಿ ಸಾಲ ತೆಗೆದ ಅಕ್ಕ-ತಂಗಿಯರೆಲ್ಲ ಇವತ್ತೇ ನಿಮ್ಮ ಸಿಬಿಲ್ ತೆಗೆದು ನೋಡಿ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ.

ಕಡೆಗೆ ಮ್ಯಾನೇಜರ್ ಕರೆದರು. ಕುರ್ಚಿ ತೋರಿಸಿದರು, ಕಾಫಿಯನ್ನೂ ತರಿಸಿದರು. ಫೈಲು ತಿರುವುತ್ತ ಕೇಳಿದರು: “ಅಲ್ಲಮ್ಮಾ, ನೈಟಿ ಹೊಲೀತೀನಿ ಅಂದಿದ್ರೆ ನಂಗೆ ಯೋಚ್ನೇನೇ ಇರ್ಲಿಲ್ಲ. ಈ ಹಿಜಾಬ್ ಗಲಾಟೆ ಎಲ್ಲ ಆಯ್ತಲ್ಲ ನಮ್ಮೂರಲ್ಲೂ. ನಾಳೆ ಇನ್ನೊಂದು ಆರ್ಡರ್ ಬಂದ್ರೆ ನಿಮ್ ಮಾರ್ಕೆಟ್ ಏನಾಗತ್ತೆ?”

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. 2022ರ ಫೆಬ್ರವರಿ ಶಿವಮೊಗ್ಗದವರು ಯಾರೂ ಮರೆಯುವಂಥದ್ದಲ್ಲ. ಕಾಲೇಜು ಮುಚ್ಚಿದವು, ನನ್ನ ತಂಗಿಯ ಮಗಳು ಪ್ರಾಕ್ಟಿಕಲ್ ಪರೀಕ್ಷೆ ಕಳೆದುಕೊಂಡಳು. ಆಮೇಲೆ ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು ಸಮವಸ್ತ್ರದ ಬಗೆಗಿನ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರು. ನನಗೆ ಹೇಳುವುದು ಬಹಳ ಇತ್ತು. ಆದರೆ ಎದುರಿಗಿದ್ದದ್ದು ಸಾಲದ ಫೈಲು. “ಸಾರ್, ಆ ಕೇಸು ತರಗತಿಯ ಒಳಗಿನ ಸಮವಸ್ತ್ರದ್ದು. ಮದುವೆ, ಹಬ್ಬ, ಪೇಟೆ, ಗದ್ದೆ ಕೆಲಸ, ಆಸ್ಪತ್ರೆ ಡ್ಯೂಟಿ ಯಾವುದಕ್ಕೂ ಅದು ಸಂಬಂಧ ಇಲ್ಲ. ನಮ್ಮ ಹೆಂಗಸರು ಬೇರೇನು ಬಿಟ್ಟರೂ ತಲೆಗೆ ಬಟ್ಟೆ ಬಿಡೋದಿಲ್ಲ” ಎಂದೆ. ಮುಂಗಡ ಕೊಟ್ಟವರ ಪುಸ್ತಕ ತೋರಿಸಿದೆ: ರಂಜಾನಿಗೆ ಯಾರು ಎಷ್ಟು ಹೇಳಿದ್ದಾರೆ, ಮದುವೆಗೆ ಯಾರು ಯಾವ ಬಣ್ಣ, ಎಲ್ಲ ತಾರೀಖು ಸಮೇತ. ಮಾತಿಗಿಂತ ಆ ಪುಸ್ತಕ ಕೆಲಸ ಮಾಡಿತು. ನೀವೂ ಇಟ್ಟುಕೊಳ್ಳಿ, ನೂರು ಪುಟದ ನೋಟ್‌ಬುಕ್ ಸಾಕು.

ಅವರ ಪೆನ್ನು ಮುಂದೆ ಹೋಗಿ ಡಿಹ್ಯುಮಿಡಿಫೈಯರ್ ಮೇಲೆ ನಿಂತಿತು. “ಇದು ಎಸಿ ಥರ ಐಷಾರಾಮಿ ಅಲ್ವಾ? ಹೊಲಿಗೆ ಘಟಕಕ್ಕೆ ಯಾಕೆ?” ನಾನು ಬ್ಯಾಗಿನಿಂದ ಒಂದು ಕೆನೆ ಬಣ್ಣದ ಮೋಡಾಲ್ ಹಿಜಾಬ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟೆ. ಹಿಂದಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲೇ ಇದ್ದದ್ದು, ಒಂದು ಸಲವೂ ಯಾರೂ ಹಾಕಿಲ್ಲ. ಮಡಿಕೆ ಇದ್ದ ಕಡೆಯೆಲ್ಲ ಸಾಸಿವೆ ಚೆಲ್ಲಿದ ಹಾಗೆ ಬೂಷ್ಟಿನ ಕಪ್ಪು ಚುಕ್ಕೆ. ಅಂಚಿನಲ್ಲಿ ಹಸಿರು. ವಾಸನೆ ಅವರ ತನಕ ಹೋಯಿತು ಅಂತ ಕಾಣುತ್ತದೆ, ಕುರ್ಚಿ ಸ್ವಲ್ಪ ಹಿಂದೆ ಸರಿಯಿತು. “ನಮ್ಮ ಮನೆ ಬೀರುವಿನಲ್ಲೂ ಇದೇ ಗತಿ ಕಣಮ್ಮ” ಅಂದರು. ಅವರು ಬಿಜಾಪುರ ಕಡೆಯವರು, ಮಲೆನಾಡಿನ ಮೊದಲ ಮಳೆಗಾಲ ಅನುಭವಿಸಿ ಸೋತಿದ್ದರು. ಡಿಹ್ಯುಮಿಡಿಫೈಯರ್ ಉಳಿಯಿತು. ಮಂಜೂರಾತಿ ಪತ್ರ ಬಂದ ದಿನ ಮನೆಯವರು ಏನೂ ಹೇಳಲಿಲ್ಲ, ಸಂಜೆ ಅರ್ಧ ಕೆಜಿ ಜಾಮೂನು ತಂದರು.

ಹತ್ತು ಲಕ್ಷದೊಳಗಿನ ಈ ಸಾಲಕ್ಕೆ ಜಮೀನು, ಚಿನ್ನ ಯಾವುದನ್ನೂ ಅಡ ಕೇಳುವಂತಿಲ್ಲ. ಕೌಂಟರಿನಲ್ಲಿ ಒಬ್ಬರು ಮನೆಪತ್ರ ತನ್ನಿ ಅಂದರು. ಅಡಮಾನ ಬೇಕೆಂದು ಬರೆದುಕೊಡಿ ಸಾರ್ ಎಂದು ಕೇಳಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಮಂಜೂರಾದ ಮೇಲೆ ಇಡಿಪಿ, ಅಂದರೆ ಉದ್ಯಮ ನಡೆಸುವುದನ್ನು ಕಲಿಸುವ ತರಬೇತಿ. ಐದು ಲಕ್ಷದೊಳಗಿನ ಯೋಜನೆಗೆ ಐದು ದಿನ, ಮೇಲಿನದಕ್ಕೆ ಹತ್ತು. ಲೆಕ್ಕ ಬರೆಯುವುದು, ಬೆಲೆ ಕಟ್ಟುವುದು ಕಲಿಸುತ್ತಾರೆ. ನನಗೆ ಬೆಲೆ ಕಟ್ಟುವುದು ಉಪಯೋಗಕ್ಕೆ ಬಂತು. ಅಲ್ಲಿಯ ತನಕ ಹಿಜಾಬಿಗೆ ಬಟ್ಟೆ ಮತ್ತು ದಾರದ ದುಡ್ಡು ಕೂಡಿ ಮೇಲೆ ಐವತ್ತು ರೂಪಾಯಿ ಇಡುತ್ತಿದ್ದೆ, ನನ್ನ ಕೂಲಿಯನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಮೇಲೆ ನಮ್ಮ ಪಾಲಿನ ದುಡ್ಡು ಕಟ್ಟಬೇಕು, ಆಗ ಬ್ಯಾಂಕು ಡೀಲರ್‌ಗೆ ನೇರವಾಗಿ ಪಾವತಿ ಮಾಡುತ್ತದೆ. ಸಬ್ಸಿಡಿ ನಮ್ಮ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ನಮ್ಮ ಹೆಸರಿನ ಠೇವಣಿಯಾಗಿ ಕೂತಿರುತ್ತದೆ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಇಲ್ಲ, ಘಟಕ ನಡೆಯುತ್ತಿದೆ ಎಂದು ಬಂದು ನೋಡಿದ ಮೇಲೆ ಸಾಲಕ್ಕೆ ವಜಾ ಆಗುತ್ತದೆ. ‘ಸಬ್ಸಿಡಿ ಬಂದಾಗ ತೀರಿಸುತ್ತೇನೆ’ ಎಂದು ಬೇರೆಯವರ ಹತ್ತಿರ ಕೈಸಾಲ ಮಾಡಿದವರು ಇದ್ದಾರೆ, ದಯವಿಟ್ಟು ಬೇಡ.

ಮೆಷಿನ್ ಬಂದಾಗ ಊರಿನಲ್ಲಿ ಕರೆಂಟ್ ಇರಲಿಲ್ಲ, ಅದು ನಮ್ಮಲ್ಲಿ ಸುದ್ದಿಯೂ ಅಲ್ಲ. ಕ್ಲಚ್ ಮೋಟಾರ್ ಬಿಟ್ಟು ಸರ್ವೋ ಮೋಟಾರ್ ಹಾಕಿಸಿ, ಇನ್ವರ್ಟರ್ ಮೇಲೂ ಓಡುತ್ತದೆ, ಸದ್ದೂ ಕಡಿಮೆ. ಇಬ್ಬರು ಹುಡುಗಿಯರು ಕೆಲಸಕ್ಕಿದ್ದಾರೆ, ಒಬ್ಬಳು ಶಾರದಕ್ಕನ ಸೊಸೆ. ಹಿಜಾಬಿನ ಅಂಚಿಗೆ ಅವಳ ಪಿಕೋ ನನ್ನದಕ್ಕಿಂತ ಚೆನ್ನಾಗಿದೆ. ಜಾರ್ಜೆಟ್ ಕತ್ತರಿಸುವುದೇ ಮೊದಲು ಎಲ್ಲರಿಗೂ ಅಳು ಬರಿಸಿದ್ದು. ಟೇಬಲ್ ಮೇಲೆ ಹಾವಿನಂತೆ ಜಾರುವ ಬಟ್ಟೆ, ಗೆರೆ ಎಳೆದರೂ ವಕ್ರ. ಅಡ್ಡಕ್ಕೆ ಒಂದೇ ಒಂದು ಎಳೆಯನ್ನು ಸೂಜಿಯಿಂದ ಎತ್ತಿ ನಿಧಾನ ಎಳೆದರೆ ಬಟ್ಟೆಯ ಮೇಲೆ ತಾನಾಗಿ ನೇರ ಗೆರೆ ಬೀಳುತ್ತದೆ, ಅದರ ಮೇಲೆ ಕತ್ತರಿ ಓಡಿಸಬೇಕು. ಜರ್ಸಿಗೆ ಈ ಕಷ್ಟವಿಲ್ಲ, ಅದರ ಅಂಚು ಎಳೆ ಬಿಡುವುದಿಲ್ಲ, ಹೊಲಿಯದಿದ್ದರೂ ನಡೆಯುತ್ತದೆ. ಮಾಮೂಲಿಗೆ 180 ಸೆಂಟಿಮೀಟರ್ ಉದ್ದ, 70 ಅಗಲ ಕತ್ತರಿಸುತ್ತೇವೆ. ಸ್ಕೂಟಿಯವರಿಗೆ ಹತ್ತು ಸೆಂಟಿಮೀಟರ್ ಕಡಿಮೆ, ಸೆರಗು ಚಕ್ರಕ್ಕೆ ಸಿಗಬಾರದು.

ಹಿಜಾಬ್ ಹೊಲಿದು ಮಾರುವುದಷ್ಟೇ ಮಾಡುವವರು ಜಿಎಸ್‌ಟಿಗೆ ಹೆದರಬೇಡಿ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ನೇರವಾಗಿಯಾಗಲಿ, ದೊಡ್ಡ ಆನ್‌ಲೈನ್ ಅಂಗಡಿಗಳ ಮೂಲಕವಾಗಲಿ ಕರ್ನಾಟಕದ ಹೊರಗೆ ಮಾರುವುದಾದರೆ ಮೊದಲ ಪೀಸಿಗೇ ಬೇಕು.

ಈಗ ಬಾಕಿ ಇರುವುದು ಎರಡು. ಒಂದು ಟ್ರೇಡ್‌ಮಾರ್ಕ್. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ 4,500 ರೂಪಾಯಿ, ಉಡುಪಿಗೆ 25ನೇ ವರ್ಗ, ನಮ್ಮ ರಾಜ್ಯದ್ದು ಚೆನ್ನೈ ಕಚೇರಿ. ನಾನು ಆರಿಸಿದ ಹೆಸರಿಗೆ ಹತ್ತಿರದ ಹೆಸರುಗಳು ಮೊದಲೇ ಇವೆ ಎಂದು ಆಕ್ಷೇಪ ಬಂದಿದೆ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಅರಬಿ ಮೂಲದ ಚಂದದ ಹೆಸರುಗಳನ್ನೆಲ್ಲ ಯಾರೋ ಆಗಲೇ ತೆಗೆದುಕೊಂಡಿರುತ್ತಾರೆ. ಅರ್ಜಿ ಹಾಕುವ ಮುಂಚೆ ಅವರದ್ದೇ ಜಾಲತಾಣದಲ್ಲಿ ಪುಕ್ಕಟೆ ಹುಡುಕಬಹುದು. ಮನೆಯವರು ನಮ್ಮ ಹೊಳೆಯ ಹೆಸರಿಡು ಅನ್ನುತ್ತಿದ್ದಾರೆ, ಅದನ್ನೂ ಹುಡುಕಬೇಕು. ಇನ್ನೊಂದು, ಘಟಕದ ಮುಂದೆ ಪಿಎಂಇಜಿಪಿ ನೆರವಿನದು ಎಂದು ಬೋರ್ಡ್ ಹಾಕಬೇಕು, ತಪಾಸಣೆಗೆ ಬಂದವರು ಅದರ ಫೋಟೋ ತೆಗೆಯುತ್ತಾರೆ. ಫ್ಲೆಕ್ಸ್ ಹಾಕಿದ್ದು ಮೊದಲ ಗಾಳಿಮಳೆಗೆ ಹರಿಯಿತು. ತಗಡಿನ ಮೇಲೆ ಬರೆಸಲು ಹೇಳಿದ್ದೇನೆ, ಪೇಂಟರ್ ಬಿಸಿಲು ಬರಲಿ ಅಂದಿದ್ದಾನೆ.